ಕೂಲರಿನ ಬಾಣಂತಿ

ಮಿಯಾಪುರದ ನಮ್ಮ ಪಕ್ಕದ ಫ್ಲ್ಯಾಟಿನಾಕೆಗೆ ಗೂಬೆಯೆಂದರೆ ವಿಪರೀತ ಭಯ. ಯಾರಾದರೂ ಹೆಸರೆತ್ತಿದರೂ ಗಲ್ಲ ಗಲ್ಲ ಬಡಿದುಕೊಂಡು "ಶಿವಾ ಶಿವಾ" ಎನ್ನುತ್ತಿದ್ದರು. ಅಂಥವರ ಬಾಲ್ಕನಿಯಲ್ಲೇ, ಕೆಟ್ಟುಹೋದ ಕೂಲರಿನೊಳಗೆ ಗೂಬೆ ಮರಿ ಮಾಡಿತು. ಮದುವೆಗೆ ಮಗಳಿರುವ ಮನೆ, ಅಪಶಕುನ, ಓಡಿಸಿ ಎಂದವರಿಗೆಲ್ಲ ಅವರದು ಒಂದೇ ಮಾತು: "ಬಾಣಂತಿ ಅದಾಳ್ರಿ, ಇರಲಿ ಬಿಡ್ರಿ."

ಕಲಬುರಗಿಯಿಂದ ಗಂಡಿನವರು ಹೆಣ್ಣು ನೋಡಲು ಬಂದ ದಿನ ನಾನೂ ಅಲ್ಲಿದ್ದೆ. ಚಹಾ ಕುಡಿಯುವಾಗಲೇ ಕೂಲರಿನೊಳಗಿಂದ ಬುಸ್ಸೆಂಬ ಸದ್ದು ಬಂತು.

"ಏನ್ರಿ ಅದು?" ಎಂದರು ಗಂಡಿನ ತಾಯಿ.

ಹಾಳು ಬೆಕ್ಕು ಎಂದಿದ್ದರೆ ಮುಗಿಯುತ್ತಿತ್ತು. ಈಕೆ ಗಲ್ಲ ಬಡಿದುಕೊಂಡು, "ಗೂಬಿರಿ. ಬಾಣಂತಿ ಅದಾಳ," ಎಂದುಬಿಟ್ಟರು.

ಗಂಡಿನ ತಾಯಿ ಬಾಲ್ಕನಿಯತ್ತ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಎಷ್ಟು ಮರಿ ಅದಾವ್ರಿ?"