ಅರಮನೆಗೆ ಶೂ ಬಿಚ್ಚಿ ಹೋದವಳು

"ಎಲ್ಲಿ ಬಿಡೋದೇ ಇದನ್ನ?"

ಕಳೆದ ತಿಂಗಳು ವಿಯೆನ್ನಾದ ಅರಮನೆಯೊಂದರ ಬಾಗಿಲಲ್ಲಿ, ಎರಡೂ ಶೂ ಕೈಯಲ್ಲಿ ಹಿಡಿದು ನನ್ನ ಗೆಳತಿ ಮಂಗಳ ಕೇಳಿದ ಪ್ರಶ್ನೆಯಿದು. ಸುತ್ತ ನಾನಾ ದೇಶದ ಜನ. ಇವಳೊಬ್ಬಳು ನೀಲಿ ಕಾಲುಚೀಲದಲ್ಲಿ ನಿಂತು ಚಪ್ಪಲಿ ಸ್ಟ್ಯಾಂಡ್ ಹುಡುಕುತ್ತಿದ್ದಾಳೆ!

ತಪ್ಪು ಅವಳದಲ್ಲ ಬಿಡಿ. ಮೈಸೂರಿನ ಸಿದ್ಧಾರ್ಥನಗರದವಳು. ಊರಿಗೆ ನೆಂಟರು ಬಂದಾಗಲೆಲ್ಲ ಅವರನ್ನು ನಮ್ಮ ಅರಮನೆಗೆ ಕರೆದೊಯ್ದು, ಚಪ್ಪಲಿ ಬಿಡಿಸಿ, ಟೋಕನ್ ಇಸಿದುಕೊಂಡು ಒಳಗೆ ಸುತ್ತಾಡಿಸುವ ಕೆಲಸ ಎಷ್ಟೋ ವರ್ಷದಿಂದ ಅವಳದೇ. (ಮೈಸೂರಿನಲ್ಲಿ ಮನೆ ಇದ್ದವರಿಗೆ ಈ ಡ್ಯೂಟಿ ತಪ್ಪಿದ್ದಲ್ಲ.) ಅರಮನೆ ಅಂದರೆ ಸಾಕು, ಕಾಲು ತಾನಾಗಿಯೇ ಚಪ್ಪಲಿ ಕಳಚುತ್ತದೆ.

ನನಗೋ ನಾಚಿಕೆ. ಎರಡನೇ ಸಲ ಫಾರಿನ್ ಟೂರ್ ಬಂದವಳೆಂಬ ಜಂಬ ಬೇರೆ.

"ಮರ್ಯಾದೆ ತೆಗೀಬೇಡ, ಶೂ ಹಾಕ್ಕೊಳೇ" ಅಂದೆ.

ಅರಮನೆಯೊಳಗೆ ಶೂ ಹಾಕಿಕೊಂಡು ಓಡಾಡಲು ಮನಸ್ಸು ಬರಲ್ಲ ಅಂದಳು. ಶೂಗಳನ್ನು ಬ್ಯಾಗಿಗೆ ತುರುಕಿ ನಡೆದೇಬಿಟ್ಟಳು. ನಾನು ಹತ್ತು ಹೆಜ್ಜೆ ಹಿಂದೆ, ಪರಿಚಯವೇ ಇಲ್ಲದವಳಂತೆ.

ಅವಳು ಅಷ್ಟು ದೂರ ಬಂದದ್ದೇ ಅಲ್ಲಿನ ಒಂದು ಹಜಾರ ನೋಡಲು. ಅವಳ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅದರ ಚಿತ್ರವಿದೆ; ವರ್ಷ ಮುಗಿದು ಎಷ್ಟೋ ಕಾಲವಾದರೂ ಗೋಡೆಯಿಂದ ಇಳಿಸಿಲ್ಲ. ಹೋಗಿ ನೋಡಿದರೆ ಬಾಗಿಲಿಗೆ ಅಡ್ಡ ಹಗ್ಗ! ನೆಲವೆಲ್ಲ ಹಳೆಯ ಮರದ ಕುಸುರಿ, ಶೂ ತಾಗಿದರೆ ಗೀರು ಬೀಳುತ್ತದೆ. ಶೂ ಮೇಲೆ ತೊಡಲು ಕೊಡುವ ಬಟ್ಟೆಯ ಕವರ್ ಅಂದು ಖಾಲಿ. ಹೊರಗಿನಿಂದಲೇ ನೋಡಿ ಅಂದರು. ಮರುದಿನ ಬೆಳಗ್ಗೆ ನಮ್ಮ ಫ್ಲೈಟ್. ಮಂಗಳಳ ಮುಖ ಸಪ್ಪಗಾಯಿತು, ನನಗೂ ಸಂಕಟವಾಯಿತು.

ಕಾವಲಿಗಿದ್ದ ಹಿರಿಯ ಹೆಂಗಸು ಅವಳ ಮುಖ ನೋಡಿದರು. ಆಮೇಲೆ ಕಾಲು ನೋಡಿದರು. ನಕ್ಕು, ಹಗ್ಗ ಬಿಚ್ಚಿದರು.

ಶೂ ಬಿಚ್ಚಿದರೆ ಸಾಕಿತ್ತು ಅಂತ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ ನೋಡಿ!

ಅಷ್ಟು ದೊಡ್ಡ ಹಜಾರದಲ್ಲಿ ಮಂಗಳ ಒಬ್ಬಳೇ. ಮೇಲೆ ದೀಪಗಳ ಗೊಂಚಲು, ಗೋಡೆ ತುಂಬ ಕನ್ನಡಿ, ಒಂದೊಂದು ಕನ್ನಡಿಯಲ್ಲೂ ಅವಳೇ. ನಿಧಾನವಾಗಿ ಒಂದು ಸುತ್ತು ತಿರುಗಿದಳು. ಹಗ್ಗದಾಚೆ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಇವಳು ನನ್ನ ಫ್ರೆಂಡ್ ಅಂತ ಪಕ್ಕದವರಿಗೆ ಎರಡು ಸಲ ಹೇಳಿದೆ.

ಅವಳು ಬಾಗಿಲ ಕಡೆ ತಿರುಗಿ ನನ್ನನ್ನು ಕರೆದಳು.

"ಅಲ್ಲೇ ಯಾಕೆ ನಿಂತ್ಬುಟ್ಟೆ? ನಿನ್ನ ಮರ್ಯಾದೇನ ಅಲ್ಲೇ ಬಿಚ್ಚಿಟ್ಟು ಬಾರೇ."

ಬಿಚ್ಚಿಟ್ಟೆ. (ಕಾಲುಚೀಲದ ತೂತಿನಿಂದ ನನ್ನ ಹೆಬ್ಬೆರಳೂ ಹಜಾರ ನೋಡಿತು. ಆ ವಿಷಯ ಇಲ್ಲಿಗೇ ಬಿಡೋಣ.) ನನ್ನ ಹಿಂದಿದ್ದವರೂ ಬಿಚ್ಚಿದರು. ಯಾವ್ಯಾವ ದೇಶದವರೋ, ಸಾಲಾಗಿ ಕೂತು ಲೇಸ್ ಬಿಚ್ಚುವುದನ್ನು ನೀವು ನೋಡಬೇಕಿತ್ತು! ಬಾಗಿಲಲ್ಲಿ ಶೂಗಳ ರಾಶಿ, ಥೇಟ್ ನಮ್ಮೂರ ಮದುವೆ ಛತ್ರ.

ಯುರೋಪಿನಲ್ಲಿ ಏನೇನು ನೋಡಿ ಬಂದಿರಿ ಅಂತ ಎಲ್ಲರೂ ಕೇಳುತ್ತಾರೆ. ಏನು ಕಲಿಸಿ ಬಂದಿರಿ ಅಂತ ಒಬ್ಬರಾದರೂ ಕೇಳಬಾರದೇ?