ನಡುಗುವ ಹಲಗೆಯ ಮೇಲೆ ಸೋದರತ್ತೆ

ಹೆಸರೇನು ಎಂದು ಕೇಳಿದರು. 'ಸು-ಸು-ಸು-ಸುನಂದಾ' ಎಂದೆ. ಹೆದರಿಕೆಯಿಂದಲ್ಲ, ನಾನು ನಿಂತಿದ್ದ ಹಲಗೆಯೇ ನಡುಗುತ್ತಿತ್ತು! ಹಲ್ಲು ಕಟಕಟ, ಬಳೆ ಝಣಝಣ, ಚಸ್ಮಾ ಮೂಗಿನ ತುದಿಗೆ.

ಚಿಕ್ಕೋಡಿಯಲ್ಲಿ ನಮ್ಮ ಗಲ್ಲಿಯ ಹತ್ತಿರವೇ ಹೊಸದಾಗಿ ಲೇಡೀಸ್ ಜಿಮ್ ಆಗಿದೆ. ಅಲ್ಲೊಂದು ವೈಬ್ರೇಶನ್ ಮಷಿನ್. ನೋಡಲು ತೂಕದ ಯಂತ್ರದ ಹಾಗೆ, ಮುಂದೆ ಹಿಡಿದುಕೊಳ್ಳಲು ಕಂಬಿ. ಸ್ವಿಚ್ ಒತ್ತಿದರೆ ಹಲಗೆ ಗಡಗಡ ನಡುಗುತ್ತದೆ, ಮೇಲೆ ನಿಂತವರೂ ನಡುಗುತ್ತಾರೆ. ಕಾಲಿಗೆ ಬಲ ಬರುತ್ತದಂತೆ, ಬಿಗಿದ ಕೀಲು ಸಡಿಲಾಗುತ್ತದಂತೆ.

ಈ ವಯಸ್ಸಿನಲ್ಲಿ ನನಗೇಕೆ ಬೇಕಿತ್ತು ಅಂತೀರಾ?

ಅಥಣಿಯಲ್ಲಿ ತಮ್ಮನ ಹೆಂಡತಿಗೆ ಕುಪ್ಪಸದ ಕಾರ್ಯ, ಅಂದರೆ ಸೀಮಂತ. ಊಟಕ್ಕೆ ನೆಲದ ಮೇಲೆ ಕೂತ ನನಗೆ ಏಳಲಾಗಲಿಲ್ಲ. ಇಬ್ಬರು ರಟ್ಟೆ ಹಿಡಿದು ಎತ್ತಿದರು. (ಫೋಟೋದವನು ಅದನ್ನೂ ತೆಗೆದ, ಪುಣ್ಯಾತ್ಮ.) ಅವ್ವ ಎಲ್ಲರ ಎದುರೇ ಅಂದಳು, 'ಹೆಸರಿಡೂ ದಿನ ನೀ ಹೆಂಗ ಕುಕ್ಕರಗಾಲಿಲೆ ಕುಂದರ್ತಿ? ನಿನ್ನ ಬದ್ಲಿ ಕಾಕಾನ ಮಗಳು ಕುಂದರ್ಲಿ ಬಿಡು. ಆಕಿ ಕಾಲು ಗಟ್ಟಿ ಅದಾವ.'

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಸೋದರತ್ತೆ ಕುಕ್ಕರಗಾಲಲ್ಲಿ ಕೂತು, ತೊಟ್ಟಿಲ ಕೆಳಗಿನಿಂದ ಕೂಸನ್ನು ಈಸಿಕೊಳ್ಳಬೇಕು. ಎದ್ದು ನಿಂತು ಮೇಲಿನಿಂದ ದಾಟಿಸಬೇಕು. ಆಮೇಲೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಬೇಕು. ಆಗ ಉಳಿದ ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಗುದ್ದುತ್ತಾರೆ! ಬಹಳ ವರ್ಷ ಕಾದ ಮೇಲೆ ತಮ್ಮನ ಮನೆಗೆ ಬರುತ್ತಿರುವ ಕೂಸು. ಅವನಿಗೆ ನಾನೊಬ್ಬಳೇ ಅಕ್ಕ. ಆ ಗುದ್ದು ಇನ್ನೊಬ್ಬಳ ಬೆನ್ನಿಗೆ ಬೀಳುವುದೇ? ನನಗೆ ಅಳುವೇ ಬಂತು.

ಅಷ್ಟಕ್ಕೂ ಕುಕ್ಕರಗಾಲು ಮರೆತದ್ದು ಯಾವಾಗ? ಒಲೆ ನೆಲ ಬಿಟ್ಟು ಕಟ್ಟೆ ಏರಿತು. ರೊಟ್ಟಿಯನ್ನೂ ನಿಂತೇ ಬಡಿಯತೊಡಗಿದೆವು. ಆಫೀಸಿನಲ್ಲಿ ಕುರ್ಚಿ, ಮನೆಯಲ್ಲಿ ಸೋಫಾ. ಸುಖವೇ, ಇಲ್ಲವೆನ್ನುವುದಿಲ್ಲ. ಆದರೆ ಮೊಣಕಾಲು ಪೂರ್ತಿ ಮಡಚುತ್ತದೆ ಎಂಬುದೇ ನೆನಪಿನಿಂದ ಹೋಗಿತ್ತು.

ಜಿಮ್ಮಿನ ಟ್ರೇನರ್ ನಿಪ್ಪಾಣಿಯ ಹುಡುಗಿ. ಅರ್ಧ ಮರಾಠಿ, ಅರ್ಧ ಕನ್ನಡ. 'ವೈನಿ, ಗುಡಘೇ ವಾಕವಾ! ಮೊಣಕಾಲ ಸ್ವಲ್ಪ ಬಗ್ಗಸ್ರಿ. ನೆಟ್ಟಗ ನಿಂತ್ರ ತಲಿ ಅಷ್ಟ ನಡಗತೈತಿ.' ಬಗ್ಗಿಸಿದೆ. ತೊಡೆಗೆ ಕೆಲಸ ಹತ್ತಿತು. ಮಷಿನ್ ತನ್ನಷ್ಟಕ್ಕೆ ಎಲ್ಲ ಮಾಡುತ್ತದೆ ಎಂದುಕೊಂಡಿದ್ದೆ. ಅವಳು ನಕ್ಕಳು. 'ಅದು ಕಾಲು ಎಬ್ಬಸ್ತೈತಿ, ಅಷ್ಟರಿ. ಕುಂದ್ರೂದು, ಏಳೂದು ನೀವ ಮಾಡಬೇಕು.' ಕಂಬಿ ಹಿಡಿದು ದಿನಾ ಒಂದಿಷ್ಟು ಕೆಳಗಿಳಿದೆ. ಇಳಿಯುತ್ತ ಇಳಿಯುತ್ತ ಧೈರ್ಯ ಬಂತು.

'ಮನಿ ಕೆಲಸ ಮಾಡಿದ್ರ ಸಾಲದೇನ್ರಿ?' ಎಂದು ಪಕ್ಕದ ಮನೆಯವರು ಕೇಳಿದರು. ಮರುವಾರ ಅವರೂ ಸಾಲಿನಲ್ಲಿ ನಿಂತಿದ್ದರು! ಆ ಹಲಗೆಯ ಮೇಲೆ ಯಾರೂ ಗಂಭೀರವಾಗಿರಲು ಸಾಧ್ಯವಿಲ್ಲ. ಸೊಸೆಯ ದೂರು ಶುರು ಮಾಡಿದರೆ ಆಡು ಕೂಗಿದ ಹಾಗೆ ಕೇಳಿಸುತ್ತದೆ. ಹೇಳುವವರೂ ನಗುತ್ತಾರೆ, ಕೇಳುವವರೂ ನಗುತ್ತಾರೆ. ಇಷ್ಟೊಂದು ನಕ್ಕು ನನಗೆ ಎಷ್ಟು ಕಾಲವಾಗಿತ್ತೋ.

ಮೊನ್ನೆ ಹಾರೂಗೇರಿಯಲ್ಲಿ, ತಮ್ಮನ ಹೆಂಡತಿಯ ತವರಿನಲ್ಲಿ, ಹೆಸರಿಡುವ ಕಾರ್ಯ. ಕಾಕಾನ ಮಗಳು ಸೆರಗು ಸಿಕ್ಕಿಸಿ ತಯಾರಾಗಿಯೇ ನಿಂತಿದ್ದಳು. 'ತಡಿಯವಾ' ಎಂದು ನಾನೇ ಮುಂದೆ ಹೋದೆ. ಕುಕ್ಕರಗಾಲಲ್ಲಿ ಕೂತೆ. ಮೊಣಕಾಲು ಚಟ್ ಎಂದಿತು. ಎಲ್ಲರ ಕಣ್ಣು ನನ್ನ ಕಾಲ ಮೇಲೆ. ತೊಟ್ಟಿಲ ಕೆಳಗಿನಿಂದ ಬಂದ ಬೆಚ್ಚನೆಯ ಗಂಟನ್ನು ಎದೆಗವಚಿಕೊಂಡು, ಯಾರ ಕೈಯನ್ನೂ ಹಿಡಿಯದೆ ಎದ್ದೆ! ಕಿವಿಯಲ್ಲಿ 'ಕುರ್ರ್... ಸಾನ್ವಿ' ಎಂದದ್ದೇ ತಡ, ದಬದಬ ಗುದ್ದು. ಅಬ್ಬಾ, ಎಂಥ ಸುಖದ ನೋವು! ಎಲ್ಲರಿಗಿಂತ ಜೋರಾಗಿ ಗುದ್ದಿದವಳು ಕಾಕಾನ ಮಗಳು.

ಗದ್ದಲ ಮುಗಿದ ಮೇಲೆ ಅವ್ವ ನನ್ನನ್ನು ಪಕ್ಕಕ್ಕೆ ಕರೆದಳು. 'ಆ ನಡಗೂ ಮಷಿನ್ ಮ್ಯಾಲ ನನ್ನಂಥಾ ಮುದಕೀನ ನಿಂದರಸ್ತಾರೇನು?'

'ಮೊದ್ಲ ಡಾಕ್ಟರಿಗೆ ಕೇಳೂಣವ್ವ' ಎಂದೆ. 'ಆದ್ರ ನಿನಗ್ಯಾಕ ಅದು? ಇನ್ನ ಯಾವ ಕಾರ್ಯ ಐತಿ?'

ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು.

'ಯಾಕ, ನನ್ನ ಕಾಲು ನನಗ ಬ್ಯಾಡೇನು?'