ತೂಕದ ದಿನದ ಹೋಳಿಗೆ

ಸಿರುಗುಪ್ಪದ ನಮ್ಮ ಶಾಲೆಯಲ್ಲಿ ಪಾಠ ಹೇಳುವವಳು ನಾನು, ಅಲ್ಲೇ ಐದನೇ ತರಗತಿಯಲ್ಲಿ ಓದುವವಳು ನನ್ನ ಮಗಳು. ಅವಳಿಗೆ ಖೋಖೋ ತಂಡ ಸೇರುವ ಹುಚ್ಚು. ಆದರೆ ಅರ್ಧ ಮೈದಾನ ಓಡುವಷ್ಟರಲ್ಲಿ ಏದುಸಿರು ಬಿಡುತ್ತಾ ಕೂತುಬಿಡುತ್ತಿದ್ದಳು. ದಪ್ಪಗಾಗುತ್ತಿರುವವಳು ಅವಳೊಬ್ಬಳೇ ಅಲ್ಲವೆಂದು ನಾವು ಶಿಕ್ಷಕರು ಸಭೆ ಸೇರಿದೆವು. ಆ ಸಭೆಯಲ್ಲೇ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಹಂಚಿಕೊಂಡು ತಿಂದದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಸೋಮವಾರ ಎಲ್ಲ ಮಕ್ಕಳ ತೂಕ ನೋಡುವುದು, ಅಂದಿನಿಂದ ದಿನಾ ಸಂಜೆ ಓಣಿಯವರನ್ನೂ ಸೇರಿಸಿಕೊಂಡು ಆಟ ಆಡಿಸುವುದು ಎಂದು ತೀರ್ಮಾನವಾಯಿತು. ಮನೆಮನೆಗೆ ಚೀಟಿ ಬರೆದವಳು ನಾನೇ. ತೂಕ ಯಾಕೆಂದು ಬರೆಯುವುದು ಮಾತ್ರ ಈ ಜಾಣೆಗೆ ಹೊಳೆಯಲಿಲ್ಲ.

ನಮ್ಮ ಕಡೆ ಮಕ್ಕಳ ತೂಕವೆಂದರೆ ಅಂಗನವಾಡಿಯ ತೂಕ. ಏರಿದರೆ ತಾಯಿಗೆ ಶಭಾಷ್, ಇಳಿದರೆ ಎಲ್ಲರೆದುರು ಬೈಗುಳ. ಹಾಗಾಗಿ ಸೋಮವಾರ ಬೆಳಿಗ್ಗೆ ಓಣಿಯ ಅಜ್ಜಿಯರೆಲ್ಲ ಟೊಂಕ ಕಟ್ಟಿ ನಿಂತರು. ನಮ್ಮ ಅತ್ತೆ ಮೊಮ್ಮಗಳಿಗೆ ತುಪ್ಪ ಸುರಿದ ಮೂರು ಹೋಳಿಗೆ ತಿನ್ನಿಸಿ, ಒಂದು ಚೊಂಬು ಮಜ್ಜಿಗೆ ಕುಡಿಸಿ, ಅದೂ ಸಾಲದೆಂದು ಅವಳ ಸ್ಕರ್ಟಿನ ಜೇಬಿಗೆ ಅಡಕತ್ತರಿ ಇಳಿಬಿಟ್ಟಿದ್ದರು. ಅದನ್ನು ತೂಕ ನೋಡಲು ಬಂದಿದ್ದ ನರ್ಸಮ್ಮ ಹೊರಗೆಳೆದಾಗ ನಾನು ಅವಿತುಕೊಳ್ಳಲು ಜಾಗ ಹುಡುಕಿದೆ. ಪುಣ್ಯಕ್ಕೆ, ಹಿಂದೆಯೇ ನಿಂತಿದ್ದ ಅಕ್ಕಿ ಅಂಗಡಿಯವರ ಮಗಳ ಜೇಬಿನಲ್ಲಿ ಒಂದು ಕೆಜಿಯ ತೂಕದ ಕಲ್ಲೇ ಸಿಕ್ಕಿತು. ನರ್ಸಮ್ಮ ನಕ್ಕು ನಕ್ಕು ಕುರ್ಚಿಯಲ್ಲಿ ಕುಸಿದರು.

ಮನೆಗೆ ಬಂದವಳೇ ಅತ್ತೆಯ ಮೇಲೆ ಹರಿಹಾಯ್ದೆ.

"ಅಕಿ ತೂಕ ಇಳೀಬೇಕ್ರಿ ಅತ್ತಿ. ಓಡಾಕ ಆಗವಲ್ದು ಅಕಿಗೆ."

"ನಿನ್ನ ಗಂಡ ಸಣ್ಣಾವಿದ್ದಾಗ ಕಡ್ಡಿ ಆಗಿದ್ದ," ಎಂದರು ಅತ್ತೆ. "ತಕ್ಕಡ್ಯಾಗ ಕುಂದ್ರಿಸಿ ಎಲ್ಲಾರ ಮುಂದ ನನ್ನ ಬೈದ್ರು. ಉಣ್ಣಾಕ ಹಾಕೂದಿಲ್ಲೇನು ಅಂದ್ರು. ಮನ್ಯಾಗ ಏನಿತ್ತವ್ವ ಹಾಕಾಕ?"

ಅಷ್ಟು ಕೂಗಾಡಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮರುದಿನದಿಂದ ಅತ್ತೆ ತಾವೇ ಮೊಮ್ಮಗಳ ಕೈ ಹಿಡಿದು ಸಂಜೆಯ ಆಟಕ್ಕೆ ಬರತೊಡಗಿದರು. ಹೋಳಿಗೆ ಹಬ್ಬದ ದಿನಕ್ಕಷ್ಟೇ ಸರಿಯಿತು. ಮೂರು ತಿಂಗಳ ನಂತರ, ಕುರುಗೋಡಿನ ಶಾಲೆಯ ಜೊತೆಗಿನ ಪಂದ್ಯಕ್ಕೆ ತಂಡ ಆರಿಸುವ ದಿನ, ಬೆನ್ನಟ್ಟುವ ಸಾಲಿನಲ್ಲಿ ಒಬ್ಬಳು ಕಡಿಮೆಯಾದಳು. ಅತ್ತೆ ಸೀರೆಯ ಕಚ್ಚೆ ಬಿಗಿದು ಹೋಗಿ ಕೂತೇಬಿಟ್ಟರು. ಬೆನ್ನಿಗೆ "ಖೋ" ಬಿದ್ದದ್ದೇ ತಡ, ಎದ್ದು ಓಡಿದರು. ಮುಂದೆ ಓಡುತ್ತಿದ್ದವಳು ಮೊಮ್ಮಗಳೇ! ಒಂದು ಸುತ್ತು, ಎರಡು ಸುತ್ತು. ಶಿಳ್ಳೆ ಹೊಡೆಯುತ್ತಿದ್ದವರಲ್ಲಿ ನಾನೂ ಒಬ್ಬಳು, ಟೀಚರೆಂಬುದೇ ಮರೆತುಹೋಗಿತ್ತು.

ಕೊನೆಗೆ ಅತ್ತೆ ನೆಲದ ಮೇಲೆ ಕೂತು, ಉಸಿರು ಸಿಕ್ಕ ಮೇಲೆ ಆಟದ ಮೇಷ್ಟ್ರನ್ನು ಕರೆದರು.

"ಇಕಿ ಹೆಸರು ಬರ್ಕೋರಿ ಸರ. ತುತ್ತು ಹಿಡ್ಕೊಂಡು ಬೆನ್ನತ್ತಿದಾಗೆಲ್ಲಾ ಸಿಗ್ತಿದ್ಲು. ಇವತ್ತು ನನ್ನ ಕೈಗೆ ಸಿಗಲಿಲ್ಲ."